ಹುಲಿಗೆವ್ವನ ಹೆಗಲು

ಹುಲಿಗೆವ್ವ ತೀರಿಹೋದ ದಿನ ಕೆಂಗಲ್ಲು ಊರಿಗೆ ಸುದ್ದಿಯನ್ನು ಯಾರೂ ತರಲಿಲ್ಲ. ಸುದ್ದಿ ತಾನಾಗಿಯೇ ಬಂತು.

ಮಂಗಳವಾರದ ಬೆಳಗು. ಬಿಸಿಲು ಇನ್ನೂ ಕಲ್ಲುಗುಡ್ಡದ ನೆತ್ತಿಯನ್ನಷ್ಟೇ ಮುಟ್ಟಿತ್ತು. ಅವಳ ಗಂಡ ಮಾರೆಪ್ಪ ಮಿಂದು, ಹಣೆಗೆ ಭಂಡಾರ ಹಚ್ಚಿಕೊಂಡು, ದೇವರ ಜಗಲಿಯ ಮುಂದೆ ದೀಪಕ್ಕೆ ಎಣ್ಣೆ ಎರೆಯುತ್ತಿದ್ದ. ಹೆಂಡತಿ ಹಿಂದಿನ ದಿನವೇ ಹುಲಿಗಿಗೆ ಹೋಗಿದ್ದಳು. ತನ್ನ ಹೆಸರಿನ ತಾಯಿಯ ದರ್ಶನ, ಹೊಳೆಯಲ್ಲಿ ಒಂದು ಮುಳುಗು, ಮರುದಿನ ಸಂಜೆಯೊಳಗೆ ಮನೆ ಎಂದು ಹೇಳಿ ಹೋಗಿದ್ದಳು. ಮಾರೆಪ್ಪ ಬತ್ತಿಯನ್ನು ಮುಂದಕ್ಕೆ ಎಳೆಯುವ ಹೊತ್ತಿಗೆ ಅವನ ಎಡತೋಳಿನಲ್ಲಿ ಏನೋ ನಿಂತುಹೋಯಿತು. ಅದು ನೋವಲ್ಲ, ಸೆಳೆತವೂ ಅಲ್ಲ. ಪಕ್ಕದ ಮನೆಯಲ್ಲಿ ಬೀಸುವ ಕಲ್ಲು ತಿರುಗುತ್ತಿರುವಾಗ ಅದರ ಸದ್ದು ಕೇಳುತ್ತಿದೆಯೆಂಬುದೇ ನಮಗೆ ನೆನಪಿರುವುದಿಲ್ಲ. ಅದು ನಿಂತಾಗ ಮಾತ್ರ ತಲೆ ಎತ್ತಿ ನೋಡುತ್ತೇವೆ. ಹಾಗೆ ಮಾರೆಪ್ಪ ತಲೆ ಎತ್ತಿದ.

ಅವನಿಗೆ ಆಗಲೇ ತಿಳಿಯಿತು. ಆದರೂ ದೀಪವನ್ನು ಅರ್ಧಕ್ಕೆ ಬಿಡಬಾರದೆಂದು ಕಡ್ಡಿ ಗೀರಿ ಹಚ್ಚಿದ. ಎರಡು ಕೈ ಜೋಡಿಸಿ, ಏನು ಬೇಡಬೇಕೆಂದು ತೋಚದೆ, ಸುಮ್ಮನೆ ಕುಳಿತ.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಮೂರು ಓಣಿಗಳ ಆಚೆ ಕುಲುಮೆ ಇಟ್ಟು ಕಲ್ಲುಕುಟಿಗರ ಉಳಿಗಳನ್ನು ಹರಿತ ಮಾಡುವ ಖಾಸೀಮಸಾಬ ನಿಂತಿದ್ದ. ಕೈಯಲ್ಲಿ ಇಕ್ಕಳ ಹಾಗೆಯೇ ಇತ್ತು. ಅವನ ತೋಳಿನಲ್ಲೂ ಮಾರೆಪ್ಪನ ತೋಳಿನಲ್ಲಿದ್ದಂಥದೇ ಬೂದುಬಣ್ಣದ ಪಟ್ಟಿ.

"ಮಾರೆಪ್ಪಾ, ನಿನಗೂ ಗೊತ್ತಾತೇನು?"

"ಗೊತ್ತಾತು."

ಖಾಸೀಮಸಾಬ ಇಕ್ಕಳವನ್ನು ಹೊಸ್ತಿಲ ಹೊರಗಿಟ್ಟು ಒಳಗೆ ಬಂದು ಪಕ್ಕದಲ್ಲಿ ಕುಳಿತ. ಆಮೇಲೆ ಫೋನು ಬಂತು. ಹೊಳೆಯ ಮೆಟ್ಟಿಲ ಮೇಲೆ ಹುಲಿಗೆವ್ವನ ಜೊತೆ ಮಿಂದಿದ್ದ ಯಾರೋ ಹೆಣ್ಣುಮಗಳು ಅಳುತ್ತ ಹೇಳಿದಳು. ಸೀರೆಯ ಸೆರಗು ಹಿಂಡುತ್ತ ಗುಡಿಯ ಗೋಪುರದ ಕಡೆ ಮುಖಮಾಡಿ ಕುಳಿತಿದ್ದಳಂತೆ, ಹಾಗೆಯೇ ಕಲ್ಲಿಗೆ ಒರಗಿದಳಂತೆ. ನೀರು ಬೇಕೇ ಎಂದು ಕೇಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಾರೆಪ್ಪ ಆ ಹೆಣ್ಣುಮಗಳಿಗೇ ಸಮಾಧಾನ ಹೇಳಿ ಫೋನು ಇಟ್ಟ.

ಆ ಪಟ್ಟಿಯ ವಿಷಯವನ್ನು ಇಲ್ಲಿ ಹೇಳಬೇಕು.

ಜಿಲ್ಲಾ ಊರಿನ ವ್ಯಸನಮುಕ್ತಿ ಕೇಂದ್ರದಲ್ಲಿ ವಾಸಂತಿ ಹೊಸಕೇರಿ ಎಂಬ ಡಾಕ್ಟರು ಇದ್ದಳು. ಕುಡಿತಕ್ಕೂ ಮಾದಕ ಪುಡಿಗೂ ಸಿಕ್ಕಿ ಬಂದವರನ್ನು ಅವಳು ಅಲ್ಲಿ ಗುಣಪಡಿಸಿ ಮನೆಗೆ ಕಳಿಸುತ್ತಿದ್ದಳು. ಅವರಲ್ಲಿ ಅರ್ಧಕ್ಕೆ ಅರ್ಧ ಜನ ಮತ್ತೆ ಬರುತ್ತಿದ್ದರು. ಆಸ್ಪತ್ರೆಯಲ್ಲಿ ಗಟ್ಟಿಯಾಗಿದ್ದವನು ತನ್ನ ಓಣಿಯ ತಿರುವಿನಲ್ಲಿ ಕರಗಿಹೋಗುತ್ತಿದ್ದ. ಅವಳಿಗೆ ಒಂದು ಪ್ರಶ್ನೆ ಹುಟ್ಟಿತು. ದಾಹ ಒಬ್ಬನ ಮೈಯಲ್ಲಿ ಏಳುತ್ತದೆ, ಅದನ್ನು ಐದು ಮೈಗಳಿಗೆ ಹಂಚಿದರೆ ಏನಾದೀತು?

ಆ ಪ್ರಶ್ನೆಯ ಹಿಂದೆ ಎಷ್ಟೋ ವರ್ಷ ನಡೆದು ಅವಳು ಈ ಪಟ್ಟಿಯನ್ನು ಮಾಡಿದಳು. ಬಿಡಿಸಿಕೊಳ್ಳಲು ಹೆಣಗುತ್ತಿರುವವನ ತೋಳಿನ ಪಟ್ಟಿ ಅವನ ನಾಡಿ, ಬೆವರು, ಉಸಿರಿನ ಬಿಗಿ ಇವನ್ನು ಓದುತ್ತದೆ. ದಾಹ ಏಳುವ ಲಕ್ಷಣ ಕಂಡರೆ ಅದರ ಸಣ್ಣ ಸಣ್ಣ ಪಾಲನ್ನು ಜೊತೆಯವರ ಪಟ್ಟಿಗಳಿಗೆ ಕಳಿಸುತ್ತದೆ. ಅವರಿಗೆ ನಾಲಿಗೆ ಒಣಗುತ್ತದೆ, ಹೊಟ್ಟೆ ಹಿಂಡುತ್ತದೆ, ಕಾರಣವಿಲ್ಲದೆ ಸಿಟ್ಟು ಬರುತ್ತದೆ. ಅವರು ಎಲ್ಲಿದ್ದರೆ ಅಲ್ಲೇ ಕುಳಿತು ಅದನ್ನು ಸಮಾಧಾನದಿಂದ ಸಹಿಸಬೇಕು. ಆ ಸಮಾಧಾನದ ನಾಡಿ, ಬಂದ ದಾರಿಯಲ್ಲೇ ತಿರುಗಿ ಹೋಗಿ, ಎದೆಯಿಂದ ಹೊಟ್ಟೆಗಿಳಿಯುವ ದೊಡ್ಡ ನರದ ಮೂಲಕ ಅವನನ್ನು ತಣಿಸುತ್ತದೆ. ಪಟ್ಟಿಯಲ್ಲಿ ಮಾತು ಹೋಗುವುದಿಲ್ಲ, ಯೋಚನೆ ಹೋಗುವುದಿಲ್ಲ. ಭಾರ ಮಾತ್ರ ಹೋಗುತ್ತದೆ. ಹೊರುವವರಿಗೆ ಒಬ್ಬರ ಹೆಗಲು ಇನ್ನೊಬ್ಬರಿಗೆ ಬೇರೆಬೇರೆಯಾಗಿ ಗೊತ್ತಾಗುತ್ತದೆ. ಹೊರಿಸಿದವನಿಗೆ ಒಟ್ಟು ಮೊತ್ತವಷ್ಟೇ ಗೊತ್ತು. ಇವನ್ನೆಲ್ಲ ಅವಳು ಬಿಡಿಸಿ ಹೇಳಿದ್ದಳು. ಕೇಂದ್ರದಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಕೆಂಗಲ್ಲಿನವರು ಹೆಗಲಪಟ್ಟಿ ಎಂದರು.

ಕೆಂಗಲ್ಲಿನವರಿಗೆ ಹೆಗಲಿನ ಲೆಕ್ಕ ಹೊಸದಲ್ಲ. ಈಗ ಗುಡ್ಡದಲ್ಲಿ ಕಲ್ಲು ಕೊಯ್ಯುವುದು ಯಂತ್ರ, ಸಾಗಿಸುವುದು ಚಾಲಕನಿಲ್ಲದ ಲಾರಿ. ಆದರೆ ಮಾರೆಪ್ಪನ ಪ್ರಾಯದಲ್ಲಿ ಕೆಂಪುಕಲ್ಲಿನ ಚಪ್ಪಡಿಗಳನ್ನು ಸರಪಳಿಯಲ್ಲಿ ಬಿಗಿದು, ಮರದ ಗಳಗಳಿಗೆ ತೂಗುಹಾಕಿ, ಹೆಗಲಿನ ಮೇಲೆ ಇಳಿಸುತ್ತಿದ್ದರು. ಮಾರೆಪ್ಪ ಮುಂದಿನ ಗಳದಲ್ಲಿ ನಿಂತು ಕೂಗು ಹಾಕುವವನು. ಆ ಕೆಲಸಕ್ಕೆ ಒಂದು ನಿಯಮವಿತ್ತು. ಗಳದ ಕೆಳಗೆ ಯಾರಾದರೂ ಸೋತರೆ ಅವನು ಬಾಯಿ ಬಿಡಬಾರದು, ಉಳಿದವರೂ ಬಿಡಬಾರದು. ಗಳ ತಾನೇ ಹೇಳುತ್ತದೆ. ಅಕ್ಕಪಕ್ಕದವರು ಒಂದು ಗೇಣು ಒಳಕ್ಕೆ ಸರಿದು ಅವನ ಪಾಲನ್ನು ಸದ್ದಿಲ್ಲದೆ ಎತ್ತಿಕೊಳ್ಳಬೇಕು. ಮನುಷ್ಯನ ಮಾನ ಉಳಿಯುವುದು ಹಾಗೆ. ಈ ನಿಯಮವೇ ಮುಂದೆ ಅವರನ್ನು ಹಳ್ಳಕ್ಕೆ ತಳ್ಳುವುದಿತ್ತು.

ಆ ಊರಿನಲ್ಲಿ ಪರಸಪ್ಪ ಎಂಬವನು ಕಲ್ಲಿಗೆ ರಂಧ್ರ ಕೊರೆಯುವ ಯಂತ್ರ ನಡೆಸುತ್ತಿದ್ದ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಹಗುರ. ಕುಡಿತ ಹಿಡಿದ ಮೇಲೆ ಎರಡೂ ಹೋದವು. ಎರಡು ಸಲ ದೂರದ ಶಹರಕ್ಕೆ ಹೋಗಿ ಬಿಡಿಸಿಕೊಂಡು ಬಂದ. ಎರಡು ಸಲವೂ ಬಸ್ಸಿಳಿದ ವಾರದಲ್ಲೇ ಮತ್ತೆ ಬಿದ್ದ. ಒಂದು ಮಧ್ಯಾಹ್ನ ಗುಡ್ಡದಲ್ಲಿ ಸಿಡಿಮದ್ದಿನ ಸೈರನ್ನು ಕೂಗಿ ಕೆಂಪು ಬಾವುಟ ಏರಿತ್ತು. ಸೌದೆಯ ಹೊರೆ ಹೊತ್ತು ಬರುತ್ತಿದ್ದ ಹುಲಿಗೆವ್ವನಿಗೆ ಬಾವುಟದ ಆಚೆ ಬಂಡೆಯ ನೆರಳಿನಲ್ಲಿ ಮಲಗಿದ್ದ ಪರಸಪ್ಪ ಕಂಡ. ಅವಳು ಹೊರೆ ಬಿಸಾಡಿ ಬಾವುಟ ದಾಟಿ ಹೋದಳು. ಅಂಗಿಯ ಕೊರಳಪಟ್ಟಿ ಹಿಡಿದು, ದಾರಿಯುದ್ದಕ್ಕೂ ಅವನ ಏಳು ತಲೆಮಾರನ್ನು ಬೈಯುತ್ತ, ಒಂದು ಗುಂಡುಕಲ್ಲಿನ ಮರೆಗೆ ಎಳೆತಂದಳು. ಅಷ್ಟರಲ್ಲಿ ಮದ್ದು ಸಿಡಿದು ಅವನು ಮಲಗಿದ್ದ ಜಾಗದ ಮೇಲೆ ಕಲ್ಲಿನ ಮಳೆ ಬಿತ್ತು. ಪರಸಪ್ಪ ನಗುತ್ತಿದ್ದನಂತೆ.

ಆ ರಾತ್ರಿ ಊಟಕ್ಕೆ ಕುಳಿತಾಗ ಅವಳು ಗಂಡನಿಗೆ ಒಂದು ಮಾತು ಹೇಳಿದಳು. "ಕುಡದಾಂವ ಹಗುರ ಅಕ್ಕಾನ ಅಂತಾರ. ಸುಳ್ಳು ನೋಡು. ಅಷ್ಟು ಭಾರದ ಮನಶಾನ್ನ ನಾ ಎಂದೂ ಎಳದಿಲ್ಲ."

ವಾಸಂತಿ ಡಾಕ್ಟರು ಪಟ್ಟಿಗಳ ಪೆಟ್ಟಿಗೆ ತೆಗೆದುಕೊಂಡು ಕೆಂಗಲ್ಲಿನ ಬೇವಿನಕಟ್ಟೆಗೆ ಬಂದದ್ದು ಅದಾದ ಕೆಲವು ತಿಂಗಳಿಗೆ. ಅವಳು ಏನನ್ನೂ ಮುಚ್ಚಿಡಲಿಲ್ಲ. ಮೊದಲ ಕೆಲವು ದಿನ ಪರಸಪ್ಪ ಆಸ್ಪತ್ರೆಯಲ್ಲೇ ಇರಬೇಕು, ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ ಎಂದಳು. ಗುಳಿಗೆ ತಪ್ಪಿಸುವಂತಿಲ್ಲ, ವಾರಕ್ಕೊಮ್ಮೆ ನರ್ಸಬಾಯಿ ಬರುತ್ತಾಳೆ ಎಂದಳು. ಆದರೆ ಅವನು ತಿರುಗಿ ಬರುವುದು ಊರಿಗೇ ಅಲ್ಲವೇ, ಊರು ಔಷಧ ತೆಗೆದುಕೊಳ್ಳದೆ ರೋಗಿ ಒಬ್ಬನೇ ತೆಗೆದುಕೊಂಡು ಏನು ಫಲ ಎಂದು ಕೇಳಿದಳು.

ಜನ ಒಪ್ಪಲಿಲ್ಲ. ಕುಡಿಯುವಾಗ ಗಮ್ಮತ್ತು ಅವನದು, ಬಿಡುವಾಗ ನಡುಕ ನಮ್ಮದೋ ಎಂದು ಒಬ್ಬ ನಗಾಡಿದ. ಖಾಸೀಮಸಾಬ ಹುಟ್ಟಿದಾಗಿನಿಂದ ಹೆಂಡ ಮುಟ್ಟಿದವನಲ್ಲ. ಆ ದಾಹ ತನ್ನ ಮೈಗೆ ಬಂದರೆ ಪಾಪವಲ್ಲವೇ ಎಂದು ಅವನಿಗೆ ಹೆದರಿಕೆ. ಆಗ ಹುಲಿಗೆವ್ವ ಹೆಂಗಸರ ಸಾಲಿನಿಂದ ಎದ್ದು ನಿಂತಳು.

"ಗುಡಿ ಕಟ್ಟಾಕ ಕಲ್ಲ ಹೊತ್ತೀರಿ. ಸಾವ್ಕಾರನ ಮನಿ ಪಾವಟಿಗಿಗೂ ಹೊತ್ತೀರಿ. ಒಬ್ಬ ಮನಶಾನ್ನ ಹೊರಾಕ ನಿಮ್ಮ ಹೆಗಲಿಗೆ ಏನ ಬ್ಯಾನಿ ಬಂದೈತಿ?"

ಹಾಗೆಂದು ತನ್ನ ತೋಳನ್ನು ಡಾಕ್ಟರ ಮುಂದೆ ಚಾಚಿದಳು. ಹೆಂಡತಿಯ ಹಿಂದೆ ಮಾರೆಪ್ಪ ಚಾಚಿದ. ಪರಸಪ್ಪನ ಹೆಂಡತಿ ದ್ಯಾಮವ್ವ ಅಳುತ್ತಲೇ ಚಾಚಿದಳು. ವಾರ ಕಳೆದು ಖಾಸೀಮಸಾಬನೂ ಬಂದ. ಮಸೀದಿಯ ಹಿರಿಯರನ್ನು ಕೇಳಿದ್ದನಂತೆ. ದಾಹವಾದರೂ ಕುಡಿಯದೆ ಇರುವುದನ್ನೇ ನಾವು ಉಪವಾಸ ಎನ್ನುವುದು, ಅದನ್ನು ಇನ್ನೊಬ್ಬರಿಗಾಗಿ ಮಾಡಿದರೆ ತಪ್ಪೇನು ಎಂದಿದ್ದರಂತೆ. ಐದನೆಯವಳು ಅಂಗನವಾಡಿಯ ಶಕುಂತಲಾ.

ದಾಹ ಏಳುತ್ತಿದ್ದದ್ದು ಹೆಚ್ಚಾಗಿ ಕೆಲಸ ಬಿಡುವ ಹೊತ್ತಿಗೆ. ಆಗ ಐದು ಮನೆಗಳಲ್ಲಿ ಐದು ಜನ ಕೈಲಿದ್ದದ್ದನ್ನು ಬಿಟ್ಟು ಕೂರುತ್ತಿದ್ದರು. ಖಾಸೀಮಸಾಬ ಉಳಿಯ ಬಾಯನ್ನು ಸಾಣೆಗೆ ಹಿಡಿಯುತ್ತಿದ್ದ. ಮಾರೆಪ್ಪ ಕಣ್ಣು ಮುಚ್ಚಿ ಹನುಮಪ್ಪನ ಹೆಸರು ಜಪಿಸುತ್ತಿದ್ದ. ದ್ಯಾಮವ್ವನಿಗೆ ಮೊದಮೊದಲು ಅಳುವುದೊಂದೇ ಗೊತ್ತಿತ್ತು. ಕ್ರಮೇಣ ಮಗಳ ತಲೆ ಬಾಚುತ್ತ ಕೂರಲು ಕಲಿತಳು. ಹುಲಿಗೆವ್ವ ಮೊರ ತೆಗೆದುಕೊಂಡು ಜೋಳ ಹಸನು ಮಾಡುತ್ತಿದ್ದಳು. ಕೇಂದ್ರದ ಪರದೆಯ ಮೇಲೆ ಅವಳ ನಾಡಿಯ ಗೆರೆ ನಿಂತ ಕೆರೆಯ ನೀರಿನಂತಿರುತ್ತಿತ್ತಂತೆ. ಇಷ್ಟು ವರ್ಷದಲ್ಲಿ ಇಂಥ ಗೆರೆ ನೋಡಿಲ್ಲ, ಏನು ಮಾಡುತ್ತೀರಿ ಎಂದು ಡಾಕ್ಟರು ಕೇಳಿದ್ದಕ್ಕೆ ಅವಳು ನಕ್ಕಿದ್ದಳು. "ಜ್ವಾಳದಾಗಿನ ಹಳ್ಳು ಆರಸಾಕ ಕುಂತ್ರ, ದಾಹ ಯಾರದಂತ ಕೇಳಾಕ ಪುರಸೊತ್ತೆಲ್ಲೈತಿ ತಾಯಿ?"

ಹೀಗೆ ಒಂದು ವರ್ಷವಾಗುತ್ತ ಬಂದಿತ್ತು. ಪರಸಪ್ಪ ಕಲ್ಲಿಗೆ ಹೊಳಪು ಕೊಡುವ ಕಾರ್ಖಾನೆಯಲ್ಲಿ ಮತ್ತೆ ಕೆಲಸಕ್ಕೆ ಹೋಗುತ್ತಿದ್ದ. ಮಗಳು ಅವನ ಸೈಕಲ್ಲಿನ ಮುಂದೆ ಕುಳಿತು ಶಾಲೆಗೆ ಹೋಗುತ್ತಿದ್ದಳು. ಊರ ಜನ ಈಗ ಅವನ ಹಳೆಯ ಕಥೆಯನ್ನು ಅವನ ಎದುರೇ ಹೇಳಿ ನಗುತ್ತಿದ್ದರು, ಅವನೂ ನಗುತ್ತಿದ್ದ.

ಆ ಮಂಗಳವಾರ ದ್ಯಾಮವ್ವ, ಶಕುಂತಲಾ ಇಬ್ಬರೂ ಮಾರೆಪ್ಪನ ಮನೆಗೆ ಓಡಿ ಬಂದರು. ಯಾರಿಗೂ ಯಾರೂ ಹೇಳಬೇಕಾಗಿರಲಿಲ್ಲ. ನಾಲ್ವರ ತೋಳಿನಲ್ಲೂ ಅದೇ ಖಾಲಿ. ಪರಸಪ್ಪ ಮಾತ್ರ ಗುಡ್ಡದ ಆಚೆಯ ಹೊಳಪು ಕಾರ್ಖಾನೆಯಲ್ಲಿದ್ದ. ಅವನಿಗೆ ಒಟ್ಟು ಮೊತ್ತದಲ್ಲಿ ಸ್ವಲ್ಪ ಕಡಿಮೆಯಾದದ್ದು ಬಿಟ್ಟರೆ ಬೇರೇನೂ ತಿಳಿಯುವಂತಿರಲಿಲ್ಲ.

"ಅವಗ ಹೆಂಗ ಹೇಳೂದು?" ಎಂದು ದ್ಯಾಮವ್ವ ಕೇಳಿದಳು.

ಮಾರೆಪ್ಪ ಯೋಚಿಸಿದ. ಹೇಳಿದರೆ ಪರಸಪ್ಪ ಚಟ್ಟಕ್ಕೆ ಹೆಗಲು ಕೊಡಲು ಬಂದೇ ಬರುತ್ತಾನೆ. ಅವರಲ್ಲಿ ಒಂದು ಪದ್ಧತಿಯಿತ್ತು. ಮಣ್ಣು ಕೊಟ್ಟು ಬಂದ ಮೇಲೆ ಬನ್ನಿಗಿಡದ ಕೆಳಗೆ ಮನೆಯ ಹಿರಿಯನು ಮೊದಲು ನೆಲಕ್ಕೆ ಒಂದು ಹನಿ ಬಿಟ್ಟು, ಹೊತ್ತವರ ಬೊಗಸೆಗೆ ಒಂದೊಂದು ಗುಟುಕು ಹೆಂಡ ಎರೆಯಬೇಕು. ಹೊತ್ತವರ ಗಂಟಲಿನಿಂದಲೇ ಸತ್ತವರ ದಾಹ ತಣಿಯುತ್ತದೆಂದು ನಂಬಿಕೆ. ಒಲ್ಲೆ ಎನ್ನುವುದು ಸತ್ತವರಿಗೆ ಅವಮಾನ. ಆ ಒಂದು ಗುಟುಕು ಒಂದು ವರ್ಷವನ್ನು ನುಂಗಿಬಿಡಬಹುದು. ಹುಲಿಗೆವ್ವ ಬಾವುಟ ದಾಟಿ ಎಳೆತಂದ ಮನುಷ್ಯ ಹುಲಿಗೆವ್ವನ ಮಣ್ಣಿನಲ್ಲೇ ಮುಳುಗಬೇಕೇ?

"ಸಂಜೀತನಕ ಹೇಳಬ್ಯಾಡ್ರಿ," ಎಂದ. "ಆಕಿ ಪಾಲು ನಾವ ನಾಕು ಮಂದಿ ಸರದು ಎತ್ಕೊಳ್ಳೂಣು. ಮಣ್ಣು ಮುಗಿದ ಮ್ಯಾಲೆ ನಾನ ಹೇಳ್ತೀನಿ."

ಗಳದ ಕೆಳಗೆ ಬೆಳೆದ ಜನ. ಯಾರೂ ಎದುರಾಡಲಿಲ್ಲ.

ಕೇಂದ್ರದ ಕೋಣೆಯಲ್ಲಿ ಆಗ ಏನು ನಡೆಯಿತೆಂಬುದನ್ನು ವಾಸಂತಿ ಡಾಕ್ಟರು ಮುಂದೆ ಹೇಳಿದಳು. ಗೋಡೆಯ ತುಂಬ ಪರದೆ, ಪರದೆಯ ತುಂಬ ಊರೂರಿನ ಗೆರೆಗಳು. ಕೆಂಗಲ್ಲಿನಲ್ಲಿ ಹೊರುವವರ ಐದು ಗೆರೆಗಳಲ್ಲಿ ಒಂದು ಇರಲಿಲ್ಲ. ಪಟ್ಟಿ ತೋಳಿನಿಂದ ಜಾರಿರಬೇಕು ಎಂದು ಜೊತೆಯವನು ಹೇಳಿದ. ಅವಳು ಉಳಿದ ನಾಲ್ಕನ್ನು ನೋಡಿದಳು. ನಾಲ್ಕೂ ಒಂದೇ ಕ್ಷಣದಲ್ಲಿ ಬೆಚ್ಚಿದ್ದವು. ಕೂಡಲೇ ಮಾರೆಪ್ಪನಿಗೆ ಫೋನು ಮಾಡಿದಳು.

ಸುದ್ದಿ ಕೇಳಿ ಅವಳು ಪರಸಪ್ಪನಿಗೆ ಹೇಳಿಬಿಡುವುದೇ ಒಳ್ಳೆಯದೆಂದಳು. ಮಾರೆಪ್ಪ ತಮ್ಮ ತೀರ್ಮಾನ ತಿಳಿಸಿದ. ನಿಮ್ಮ ನಾಲ್ವರ ಗೆರೆಯೂ ನಡುಗುತ್ತಿದೆ, ಅವನಿಗೆ ಸಮಾಧಾನ ಎಲ್ಲಿಂದ ಕಳಿಸುತ್ತೀರಿ ಎಂದು ಅವಳು ಕೇಳಿದಳು. ಆಮೇಲೆ ಹಿಂಜರಿಯುತ್ತ ಒಂದು ಸಂಗತಿ ಹೇಳಿದಳು. ಯಂತ್ರದಲ್ಲಿ ಹುಲಿಗೆವ್ವನ ಹಳೆಯ ನಾಡಿಯೆಲ್ಲ ಉಳಿದಿದೆ. ಬೇಕೆಂದರೆ ಅದನ್ನು ಮತ್ತೆ ಹರಿಯಬಿಡಬಹುದು. ಆದರೆ ಅದು ಸರಿಯೋ ತಪ್ಪೋ ತನಗೆ ತಿಳಿಯುತ್ತಿಲ್ಲ.

ಮಾರೆಪ್ಪ ತೋಳಿನ ಪಟ್ಟಿಯ ಮೇಲೆ ಕೈಯಿಟ್ಟ. "ಒಂದ ಸ್ವಲ್ಪ ಹೊತ್ತು, ನನಗಷ್ಟ ಬಿಡ್ರಿ," ಎಂದ.

ಪಟ್ಟಿಯ ಕೆಳಗೆ ಬೀಸುವ ಕಲ್ಲು ಮತ್ತೆ ತಿರುಗಿತು. ಅವಳೇ. ಮೊರ ಕೇರುವ ತಾಳ, ನಡುನಡುವೆ ಹಳ್ಳು ಸಿಕ್ಕಾಗಿನ ಸಣ್ಣ ತಡೆ. ಮುದುಕನ ಕಣ್ಣಿನಿಂದ ಮೊದಲ ಸಲ ನೀರು ಬಂತು. ಅಳು ಉಕ್ಕಿದಂತೆ ಅವನು ತನ್ನ ಭಾರವನ್ನೆಲ್ಲ ಆ ಕಡೆ ವಾಲಿಸಿದ. ಬದುಕಿದ್ದಾಗ ಹಾಗೆ ವಾಲಿದರೆ ಆ ಕಡೆಯಿಂದ ಒಂದು ಒತ್ತು ಬರುತ್ತಿತ್ತು, ಹೆಗಲು ಹೆಗಲಿಗೆ ತಾಗುವಂತೆ. ಈಗ ಬರಲಿಲ್ಲ. ಜೋಳ ಕೇರುವುದು ತನ್ನ ಪಾಡಿಗೆ ನಡೆದೇ ಇತ್ತು. ಎಂದೋ ಒಂದು ದಿನದ ಸಮಾಧಾನ ಅದು. ಇವತ್ತಿನ ಭಾರ ಅದಕ್ಕೆ ಗೊತ್ತಿರಲಿಲ್ಲ.

"ಸಾಕು ತಾಯಿ, ನಿಲ್ಲಸ್ರಿ," ಎಂದ ಮಾರೆಪ್ಪ. "ಇದು ಆಕಿ ಅಲ್ಲ. ಆಕಿ ಆಗಿದ್ರ ನನ್ನ ಹೊತ್ತಿರತಿದ್ಲು."

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹುಲಿಗೆವ್ವನನ್ನು ಕರೆತಂದರು. ಮನೆಯ ಕಟ್ಟೆಯ ಮೇಲೆ ಕೂರಿಸಿ, ಅರಿಸಿನ ಹಚ್ಚಿ, ಹಸಿರು ಸೀರೆ ಉಡಿಸಿದರು. ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ಅವಳ ತಮ್ಮ ಕನಕಪ್ಪ ಚಟ್ಟಕ್ಕೆ ಬಿದಿರು ಕಟ್ಟಿಸುತ್ತಿದ್ದ. ಆ ಗದ್ದಲದಲ್ಲಿ ಮಾರೆಪ್ಪನ ಫೋನು ಮತ್ತೆ ಕೂಗಿತು.

ಪರಸಪ್ಪನ ಗೆರೆ ಬೆಳಗಿನಿಂದ ಏರುತ್ತಲೇ ಇದೆ, ಒಮ್ಮೆಯೂ ಇಳಿದಿಲ್ಲ, ಇಂಥ ಏರಿಕೆಯನ್ನು ತಾನು ನೋಡಿಲ್ಲ ಎಂದಳು ವಾಸಂತಿ. ಅಷ್ಟರಲ್ಲಿ ದ್ಯಾಮವ್ವ ಓಡಿಬಂದಳು. ಗಂಡ ಹೊತ್ತಿಗೆ ಮುಂಚೆಯೇ ಕಾರ್ಖಾನೆ ಬಿಟ್ಟು ಹೊರಟನಂತೆ, ಮನೆಗೆ ಬಂದಿಲ್ಲ.

ಮಾರೆಪ್ಪ ಹೆಂಡತಿಯ ಮುಖ ನೋಡಿದ. ಹೆಣವನ್ನು ಕಟ್ಟೆಯ ಮೇಲಿಟ್ಟು ಮನೆಯ ಯಜಮಾನ ಹೊಸ್ತಿಲು ದಾಟುವುದು ಯಾರೂ ಮಾಡದ ಕೆಲಸ. ಕನಕಪ್ಪ ತಡೆದು, ಎಲ್ಲಿಗೆ ಹೊರಟೆ ಮಾವ ಎಂದು ಕೇಳಿದ. ಆಕಿ ಕೆಲಸ ಒಂದು ಉಳದೈತಿ ಎಂದಷ್ಟೇ ಹೇಳಿ ಮಾರೆಪ್ಪ ಕೋಲು ಹಿಡಿದು ನಡೆದ. ದಾರಿಯಲ್ಲಿ ಅವನಿಗೆ ಒಂದು ವಿಷಯ ನಿಧಾನವಾಗಿ ಹೊಳೆಯಿತು. ಅವನ ನಾಲಿಗೆ ಒಣಗಿರಲಿಲ್ಲ. ಬೆಳಗಿನಿಂದ ಒಮ್ಮೆಯೂ ಒಣಗಿರಲಿಲ್ಲ.

ಕೂಡುರಸ್ತೆಯ ಹೆಂಡದಂಗಡಿಯ ಎದುರು, ಅಂಚು ಒಡೆದು ಬಿಸಾಡಿದ ಚಪ್ಪಡಿಯೊಂದರ ಮೇಲೆ ಪರಸಪ್ಪ ಕುಳಿತಿದ್ದ. ಮೈತುಂಬ ಕಲ್ಲಿನ ಪುಡಿ. ಮಡಿಲಲ್ಲಿ ಬಾಟಲಿ. ಬಿರಡೆ ಇನ್ನೂ ಬಿಚ್ಚಿರಲಿಲ್ಲ. ಮುದುಕ ಹತ್ತಿರ ಬಂದರೂ ತಲೆ ಎತ್ತಲಿಲ್ಲ.

"ನನ್ನ ಕೈಲೆ ಆಗವಲ್ದು ದೊಡ್ಡಪ್ಪ," ಎಂದ. "ಮುಂಜಾನಿಂದ ಎದಿ ಮ್ಯಾಲ ಚಪ್ಪಡಿ ಇಟ್ಟಂಗ ಆಗೇತಿ. ಒಂದ ವರ್ಷ ನೀವೆಲ್ಲಾ ಹೊತ್ರಿ, ಕಡೀಕ ನಾ ಹಿಂಗ ಆದ್ನಿ. ನಾ ಸುಧಾರಿಸೂ ಪೈಕಿ ಅಲ್ಲ." ಬಾಟಲಿಗೆ ಕೈ ಮುಚ್ಚಿ, "ದೊಡ್ಡವ್ವಗ ಮಾತ್ರ ಹೇಳಬ್ಯಾಡ," ಎಂದ.

ಮಾರೆಪ್ಪ ಅವನ ಪಕ್ಕದಲ್ಲಿ ಕುಳಿತ. ಕೋಲನ್ನು ಮೊಣಕಾಲಿನ ಮೇಲೆ ಅಡ್ಡ ಇಟ್ಟುಕೊಂಡ.

"ನಾಲಿಗಿ ಒಣಗೇತೇನು?"

ಪರಸಪ್ಪ ಬಾಯೊಳಗೆ ನಾಲಿಗೆ ಆಡಿಸಿ ನೋಡಿದ. "ಇಲ್ಲ."

"ಹೊಟ್ಟಿ ಹಿಂಡತೈತೇನು? ಯಾರಿಗ್ಯಾರ ಹೊಡೀಬೇಕ ಅನಸತೈತೇನು?"

"ಇಲ್ಲ. ಎದಿ ಅಷ್ಟ. ಅಳು ಬಂದಂಗ ಅಕ್ಕೈತಿ, ಯಾಕಂತ ಗೊತ್ತಿಲ್ಲ."

"ಅದು ನಿನ್ನ ದಾಹ ಅಲ್ಲಪಾ," ಎಂದ ಮಾರೆಪ್ಪ. "ಅದು ನನ್ನ ದುಃಖ, ಪಟ್ಟಿ ಹಿಡದು ನಿನ್ನ ಕಡೆ ಬಂದೈತಿ. ನಿಮ್ಮ ದೊಡ್ಡವ್ವ ಮುಂಜಾನಿ ಹೊಳಿದಂಡ್ಯಾಗ ತೀರ್ಕೊಂಡ್ಲು."

ಪರಸಪ್ಪ ಒಡನೆ ಅಳಲಿಲ್ಲ. ಮಡಿಲಿನ ಬಾಟಲಿಯನ್ನು ಎತ್ತಿ ಕಲ್ಲಿನ ಮೇಲಿಟ್ಟ. ಗುರುತಿಲ್ಲದವರು ಪಕ್ಕದಲ್ಲಿ ಕುಳಿತರೆ ಸರಿಯುವಂತೆ ಅದರಿಂದ ಸ್ವಲ್ಪ ದೂರ ಸರಿದ.

"ಹಂಗಾರ ಮುಂಜಾನಿಂದ ನಾ ಹೊತ್ತಿದ್ದು ದೊಡ್ಡವ್ವನ್ನೇನು?"

"ಹೂಂ."

"ಗಳದ ಕೆಳಗ ನಿಂದರಿಸಿ, ಮ್ಯಾಲ ಏನೈತಿ ಅಂತ ಹೇಳಲಿಲ್ಲ ನೀವು."

"ತಪ್ಪಾತು. ನೀ ಸೋಲ್ತಿ ಅಂತ ಅಂಜಿದ್ವಿ. ಹೇಳಿದ್ರ ಹೊರತಿದ್ದಿ ಅನ್ನೂದು ತಿಳೀಲಿಲ್ಲ."

ಆಗ ಅವನು ಅತ್ತ. ಮೊಣಕಾಲ ನಡುವೆ ತಲೆಯಿಟ್ಟು, ಕಲ್ಲಿನ ಪುಡಿಯ ಮೇಲೆ ಕಣ್ಣೀರಿನ ಗೆರೆ ಮೂಡುವಂತೆ ಅತ್ತ. ಅಂಗಡಿಯೊಳಗಿನಿಂದ ಯಾರೋ ಇಣುಕಿ ನೋಡಿ ಒಳಗೆ ಹೋದರು. ಮಾರೆಪ್ಪ ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕಾದ. ಕಾಯುತ್ತಿರುವಾಗ ಅವನ ಎಡತೋಳಿನಲ್ಲಿ ಒಂದು ಒತ್ತು ಬಂತು. ಹುಲಿಗೆವ್ವನ ಒತ್ತಿನಂತೆ ನುಣ್ಣಗಿನದಲ್ಲ. ಒರಟು, ಮೇಲೆ ಕೆಳಗೆ ಆಗುವಂಥದು, ಮೊದಲ ಸಲ ಗಳ ಹೊತ್ತ ಹುಡುಗನ ಹೆಗಲಿನಂಥದು. ಆದರೆ ಅದು ಸರಿದು ಒಳಗೆ ಬಂದಿತ್ತು, ಮುದುಕನ ಪಾಲನ್ನು ಎತ್ತಿಕೊಳ್ಳುತ್ತಿತ್ತು. ಮಾರೆಪ್ಪನ ಉಸಿರು ಬೆಳಗಿನಿಂದ ಮೊದಲ ಬಾರಿಗೆ ಹೊಟ್ಟೆಯ ತಳದವರೆಗೆ ಇಳಿಯಿತು.

ಆ ಹೊತ್ತಿಗೆ ಕೇಂದ್ರದಲ್ಲಿ ವಾಸಂತಿ ಕುರ್ಚಿಯಿಂದ ಎದ್ದು ನಿಂತಿದ್ದಳಂತೆ. ಐದು ಕಡೆಯಿಂದ ಒಬ್ಬನ ಕಡೆಗೆ ಹರಿಯುವಂತೆ ಅವಳು ಮಾಡಿದ್ದ ಗೆರೆ, ಆ ಒಬ್ಬನಿಂದ ನಾಲ್ವರ ಕಡೆಗೆ ಹರಿಯುತ್ತಿತ್ತು. ನಾನು ಅದಕ್ಕೆ ದಾರಿ ಇಟ್ಟಿದ್ದೆ, ಆದರೆ ಯಾರಾದರೂ ಆ ದಾರಿಯಲ್ಲಿ ನಡೆದಾರೆಂದು ಎಣಿಸಿರಲಿಲ್ಲ ಎಂದು ಮುಂದೆ ಮಾರೆಪ್ಪನಿಗೆ ಹೇಳಿದಳು. ಹೇಳುವಾಗ ಅವಳ ಕಣ್ಣು ಒದ್ದೆಯಾಗಿತ್ತು.

ಪರಸಪ್ಪ ಎದ್ದು ಮುದುಕನಿಗೆ ಕೈಕೊಟ್ಟು ಎಬ್ಬಿಸಿದ. ಬಾಟಲಿ ಚಪ್ಪಡಿಯ ಮೇಲೆಯೇ ಉಳಿಯಿತು.

ಹೊತ್ತು ಮುಳುಗುವ ಮುಂಚೆ ಹುಲಿಗೆವ್ವನ ಚಟ್ಟ ಎದ್ದಿತು. ಮುಂದಿನ ಬಲಗಡೆಗೆ ಪರಸಪ್ಪ, ಎಡಗಡೆಗೆ ಖಾಸೀಮಸಾಬ. ಹಿಂದೆ ಕನಕಪ್ಪ ಮತ್ತು ಇನ್ನೊಬ್ಬ ನೆಂಟ. ಏರುದಾರಿಯಲ್ಲಿ ಹೆಗಲು ಬದಲಿಸುವಾಗ ಮಾರೆಪ್ಪ, ಎಷ್ಟೋ ವರ್ಷದ ಮೇಲೆ, ಕಲ್ಲು ಹೊರುವ ಹಳೆಯ ಕೂಗು ಹಾಕಿದ. ದನಿ ನಡುವೆ ಒಡೆಯಿತು. ಒಡೆದ ಕಡೆ ಪರಸಪ್ಪ ಎತ್ತಿಕೊಂಡ.

ಮಣ್ಣಾಯಿತು. ಎಲ್ಲರೂ ಬನ್ನಿಗಿಡದ ಕೆಳಗೆ ಬಂದು ನಿಂತರು. ಕನಕಪ್ಪ ಹೆಂಡದ ಗಡಿಗೆಯನ್ನು ಮಾರೆಪ್ಪನ ಮುಂದೆ ತಂದಿಟ್ಟ. ಪರಸಪ್ಪ ನೆಲ ನೋಡುತ್ತ ಬೊಗಸೆ ಒಡ್ಡಿದ. ಈಗ ಮಾರೆಪ್ಪನ ನಾಲಿಗೆ ನಿಜವಾಗಿಯೂ ಒಣಗಿತು. ಖಾಸೀಮಸಾಬ ಉಗುಳು ನುಂಗಿದ್ದು ಅವನಿಗೆ ಕಾಣಿಸಿತು.

ಮಾರೆಪ್ಪ ಗಡಿಗೆಯನ್ನು ಮುಟ್ಟಲಿಲ್ಲ. ಮನೆಯಿಂದ ಬಟ್ಟೆಯಲ್ಲಿ ಕಟ್ಟಿ ಹೆಗಲಿಗೆ ಹಾಕಿಕೊಂಡು ಬಂದಿದ್ದ ತಂಬಿಗೆಯ ಬಾಯಿ ಬಿಚ್ಚಿದ. ಹುಲಿಗಿಯಿಂದ ಹುಲಿಗೆವ್ವನ ಗಂಟಿನೊಡನೆ ಬಂದಿದ್ದ ಹೊಳೆಯ ನೀರು ಅದು, ಮನೆಗೆಂದು ಅವಳೇ ತುಂಬಿಕೊಂಡಿದ್ದಳು. ಒಂದು ಹನಿ ನೆಲಕ್ಕೆ ಬಿಟ್ಟು, ಪರಸಪ್ಪನ ಬೊಗಸೆಗೆ ಎರೆದ.

"ಮಾವ, ಪದ್ಧತಿ ಮುರೀಬ್ಯಾಡ," ಎಂದ ಕನಕಪ್ಪ. "ನಮ್ಮಕ್ಕ ದಾಹದಲೇ ಹೊಕ್ಕಾಳ."

"ನಿಮ್ಮಕ್ಕನ ದಾಹ ನಿನಗಿಂತ ನನಗ ಗೊತ್ತೈತಿ," ಎಂದ ಮಾರೆಪ್ಪ. "ಒಂದ ವರ್ಷ ದಿನಾ ಇವನ ದಾಹ ಹೊತ್ತಾಕಿ ಆಕಿ. ಒಂದ ಗುಟುಕ ಹೆಂಡಕ್ಕ ಅದನ್ನ ಇಳಸಲಿಲ್ಲ. ಇವತ್ತ ನಾ ಹೆಂಡ ಎರದ್ರ ಆಕಿ ಹೊತ್ತಿದ್ದೆಲ್ಲಾ ಮಣ್ಣಪಾಲು. ನೀರ ಕುಡೀರಿ. ಆಕಿ ತಣ್ಣಗ ಹೊಕ್ಕಾಳ."

ಕನಕಪ್ಪ ಗಡಿಗೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ತಾನೂ ಬೊಗಸೆ ಒಡ್ಡಿದ. ಪರಸಪ್ಪ ನೀರನ್ನು ಕಣ್ಣಿಗೊತ್ತಿ ಕುಡಿದ. ನಾಲ್ವರ ನಾಲಿಗೆಯೂ ಒಟ್ಟಿಗೆ ತಣ್ಣಗಾಯಿತು.

ಮೂರನೆಯ ದಿನ ಹಾಲುತುಪ್ಪಕ್ಕೆ ವಾಸಂತಿ ಡಾಕ್ಟರೂ ಬಂದಳು. ಯಂತ್ರದಲ್ಲಿರುವ ಹುಲಿಗೆವ್ವನ ನಾಡಿಯನ್ನು ಏನು ಮಾಡಲಿ ಎಂದು ಕೇಳಿದಳು. ಮಾರೆಪ್ಪ ಯೋಚಿಸಿ, ಕಲಿಯುವವರಿಗೆ ತೋರಿಸಿರಿ, ಯಾರ ತೋಳಿಗೂ ಬಿಡಬೇಡಿರಿ ಎಂದ. ಪಕ್ಕದ ತಾಂಡಾದಲ್ಲಿ ಪುಡಿಯ ಚಟಕ್ಕೆ ಬಿದ್ದ ಒಬ್ಬ ತಾಯಿ ಆಸ್ಪತ್ರೆಯಿಂದ ಬರುವವಳಿದ್ದಳು, ಅವಳಿಗೆ ನಾಲ್ಕು ಹೆಗಲು ಸಿಕ್ಕಿದ್ದವು, ಒಂದು ಕಡಿಮೆಯಿತ್ತು. ಪರಸಪ್ಪ ತನ್ನ ಬಲತೋಳನ್ನು ಡಾಕ್ಟರ ಮುಂದೆ ಚಾಚಿದ. ಎಡತೋಳಿನದು ತನ್ನದು, ಅದಿನ್ನೂ ಇರಬೇಕು. ಬಲತೋಳಿಗೆ ಅವಳು ಹುಲಿಗೆವ್ವನ ಪಟ್ಟಿಯನ್ನೇ ಕಟ್ಟಿದಳು.

ಎಲ್ಲರೂ ಹೋದ ಮೇಲೆ ಮಾರೆಪ್ಪ ಮಿಂದು ಬಂದು ಜಗಲಿಯ ಮುಂದೆ ಕುಳಿತ. ದೀಪಕ್ಕೆ ಎಣ್ಣೆ ಎರೆದ, ಬತ್ತಿ ಎಳೆದ, ಹಚ್ಚಿದ. ಗೋಡೆಗೆ ಒರಗಿಸಿದ ಮೊರದಲ್ಲಿ ಅವಳು ಅರ್ಧ ಹಸನು ಮಾಡಿದ ಜೋಳ ಹಾಗೆಯೇ ಇತ್ತು. ಆ ದಿನ ತೋಚದೆ ಹೋದ ಬೇಡಿಕೆ ಇವತ್ತು ತೋಚಿತು. ಕೈ ಜೋಡಿಸಿ ಮೆಲ್ಲಗೆ ಹೇಳಿದ.

"ತಾಯಿ ಹುಲಿಗೆವ್ವಾ, ನಿನ್ನ ಹೆಸರಿನಾಕಿ ನಿನ್ನ ಮೆಟ್ಟಲದಾಗ ಬಂದು ಕುಂತಾಳ. ಆಕಿ ಹೆಗಲ ಮ್ಯಾಲ ಈಗ ಏನೂ ಇಲ್ಲ. ಖಾಲಿ ಹೆಗಲಲೇ ಕುಂದ್ರಾಕ ಆಕಿಗೆ ರೂಢಿ ಇಲ್ಲ, ಹೊಸಾ ಹೊರಿ ಕೇಳ್ತಾಳ. ಕೊಡಬ್ಯಾಡ. ಇಲ್ಲಿ ಹೊರಾಕ ನಾವ ಅದೀವಿ ಅಂತ ಹೇಳು. ಕೈ ಸುಮ್ಮನಿರಲಾರದು ಅಂದ್ರ ಒಂದ ಮೊರ ಕೊಡು, ಹಳ್ಳಿಲ್ಲದ ಜ್ವಾಳ ಹಾಕು. ಆಕಿ ದಾಹ ತಣಸು, ಆಕಿಗೆ ದಣಿವಾರಿಸು. ಆಕಿ ಆತ್ಮ ತಣ್ಣಗಿರಲಿ ತಾಯಿ, ತಣ್ಣಗಿರಲಿ."